ಸ್ವರ್ಗಕ್ಕೆ ಹೋದವರಿಗೆ ಪ್ರಾರ್ಥನೆ ಯಾಕೆ?

ನವೆಂಬರ್ 2ರ ಸಂಜೆ ಕ್ಯಾಥೊಲಿಕರ ಸಮಾಧಿಭೂಮಿಗೆ ಹೋಗಿ ನೋಡಿ, ಸಣ್ಣ ಜಾತ್ರೆಯೇ ನೆರೆದಿರುತ್ತದೆ. ಗೇಟಿನ ಹೊರಗೆ ಸೇವಂತಿಗೆ, ಚೆಂಡುಹೂ, ಮೇಣದಬತ್ತಿ ಮಾರುವವರು. ಒಳಗೆ ಹುಲ್ಲು ಕಿತ್ತು, ಸುಣ್ಣ ಹೊಡೆದು, ನೀರು ಹಾಕಿ ತೊಳೆದ ಸಮಾಧಿಗಳು. ಪೂಜೆ ಮುಗಿದ ಮೇಲೆ ಗುರುಗಳು ಸಾಲು ಸಾಲಾಗಿ ನಡೆಯುತ್ತ ತೀರ್ಥ ಚಿಮುಕಿಸುತ್ತಾರೆ. ತಮ್ಮವರ ಸಮಾಧಿಗೆ ಹನಿ ಬೀಳಲಿಲ್ಲ ಅನ್ನಿಸಿದರೆ "ಫಾದರ್, ಇಲ್ಲಿ, ಇಲ್ಲಿ" ಎಂದು ಕೂಗುವವರೂ ಇರುತ್ತಾರೆ.

ಒಂದು ವರ್ಷ ನನ್ನ ಜೊತೆ ಗೆಳತಿಯೊಬ್ಬಳು ಬಂದಿದ್ದಳು. ಅವಳು ಕ್ರೈಸ್ತಳಲ್ಲ. ನಾನು ಅಜ್ಜಿಯ ಸಮಾಧಿ ಮೇಲೆ ಬತ್ತಿ ಹಚ್ಚುವಾಗ ಗಾಳಿಗೆ ಕೈ ಅಡ್ಡ ಹಿಡಿದು ಕೇಳಿದಳು: "ನಿಮ್ಮಜ್ಜಿ ತುಂಬ ಒಳ್ಳೆಯವರು ಅಂತೀಯ. ಹಾಗಿದ್ರೆ ಸ್ವರ್ಗಕ್ಕೆ ಹೋಗಿರ್ತಾರೆ, ಅಲ್ವಾ? ಮತ್ತೆ ಪ್ರಾರ್ಥನೆ ಯಾಕೆ? ಅಕಸ್ಮಾತ್ ನರಕಕ್ಕೆ ಹೋಗಿದ್ರೆ ನಿನ್ನ ಪ್ರಾರ್ಥನೆಯಿಂದ ಏನಾಗುತ್ತೆ?"

ಪ್ರಶ್ನೆ ನೇರವಾಗಿತ್ತು. ನಾನು ಅಲ್ಲೇ ಎರಡು ಮಾತಿನಲ್ಲಿ ಏನೋ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಯಾಕೆಂದರೆ ಈ ಪ್ರಶ್ನೆಗೆ ಉತ್ತರ ಸಮಾಧಿಯ ಹತ್ತಿರ ಸಿಗುವುದಿಲ್ಲ. ತೊಟ್ಟಿಲ ಹತ್ತಿರದಿಂದ ಶುರು ಮಾಡಬೇಕು.

ನಮ್ಮಲ್ಲಿ ಸ್ವರ್ಗ, ನರಕ ಎಂದ ಕೂಡಲೇ ನೆನಪಿಗೆ ಬರುವವನು ಚಿತ್ರಗುಪ್ತ. ದಪ್ಪ ಪುಸ್ತಕ, ಈ ಕಡೆ ಪಾಪ, ಆ ಕಡೆ ಪುಣ್ಯ, ಕೊನೆಗೆ ಕೂಡಿ ಕಳೆದು ಒಂದು ತೀರ್ಪು. ಎಷ್ಟೋ ಕ್ಯಾಥೊಲಿಕರ ತಲೆಯಲ್ಲೂ ಇರುವುದು ಇದೇ ಚಿತ್ರ, ಚಿತ್ರಗುಪ್ತನ ಬದಲು ಕೈಯಲ್ಲಿ ಬೀಗದ ಕೈ ಹಿಡಿದ ಸಂತ ಪೇತ್ರ ಇರುತ್ತಾನೆ ಅಷ್ಟೆ. ಆದರೆ ಧರ್ಮಸಭೆ, ಅಂದರೆ ಕ್ಯಾಥೊಲಿಕ್ ಚರ್ಚ್, ಕಲಿಸುವುದು ಇದನ್ನಲ್ಲ. ಹಾಗೆ ನೋಡಿದರೆ, ಒಳ್ಳೆಯ ಕೆಲಸ ಮಾಡಿ ಮಾಡಿ ಸ್ವರ್ಗ ಸಂಪಾದಿಸಬಹುದು ಅನ್ನುವುದನ್ನು ಅದು ಬಹಳ ಹಿಂದೆಯೇ ತಪ್ಪು ಬೋಧನೆ ಎಂದು ತಳ್ಳಿಹಾಕಿದೆ. ಐದನೇ ಶತಮಾನದ ಆರಂಭದಲ್ಲಿ ಪೆಲೇಜಿಯಸ್ ಎಂಬಾತ ಮನುಷ್ಯ ತನ್ನ ಸ್ವಂತ ಪ್ರಯತ್ನದಿಂದಲೇ ಪಾಪವಿಲ್ಲದೆ ಬದುಕಬಲ್ಲ ಎಂದು ಹೇಳಿದ. ಸಂತ ಅಗಸ್ಟೀನ್ ಅವನ ವಿರುದ್ಧ ಬರೆದದ್ದೇ ಬರೆದದ್ದು. 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರು (ಬಿಷಪ್‌ಗಳು) ಪೆಲೇಜಿಯಸನ ಮಾತನ್ನು ಖಂಡಿಸಿದರು. ಮುಂದೆ 1547ರಲ್ಲಿ, ನಂಬಿಕೆಯೊಂದೇ ಸಾಕು ಎಂದು ರೋಮಿನ ಪೋಪರ ಜೊತೆ ಜಗಳಕ್ಕೆ ನಿಂತ ಜರ್ಮನಿಯ ಸನ್ಯಾಸಿ ಲೂಥರನಿಗೆ ಉತ್ತರ ಕೊಡಲೆಂದೇ ಸೇರಿದ್ದ ಟ್ರೆಂಟ್ ಮಹಾಸಭೆ ಕೂಡ ಈ ವಿಷಯದ ಮೊದಲ ನಿಯಮದಲ್ಲೇ ಹೇಳಿದ್ದು ಇದನ್ನು: ಕ್ರಿಸ್ತನ ಮೂಲಕ ಬರುವ ದೇವರ ಕೃಪೆ ಇಲ್ಲದೆ ಬರೀ ತನ್ನ ಕೆಲಸಗಳಿಂದ ಮನುಷ್ಯ ದೇವರ ಮುಂದೆ ನೀತಿವಂತನಾಗಬಲ್ಲ ಎನ್ನುವವನಿಗೆ ಬಹಿಷ್ಕಾರ. ಕ್ಯಾಥೊಲಿಕರೆಂದರೆ ಪುಣ್ಯ ಕೂಡಿಡುವವರು ಎಂದುಕೊಂಡವರಿಗೆ ಇದು ಆಶ್ಚರ್ಯ ತರುತ್ತದೆ.

ಹಾಗಾದರೆ ಮನುಷ್ಯನಿಗೆ ಇರುವ ಕೊರತೆ ಏನು? ಧರ್ಮಸಭೆ ಅದನ್ನು ಜನ್ಮಪಾಪ ಎನ್ನುತ್ತದೆ. ಈ ಹೆಸರೇ ಜಾಸ್ತಿ ಗೊಂದಲ ಮಾಡುತ್ತದೆ. ಹುಟ್ಟಿದ ಕೂಸು ಏನು ಪಾಪ ಮಾಡೀತು? ಏನೂ ಮಾಡಿಲ್ಲ. ಹೀಗೆ ಯೋಚಿಸಿ. ತಾತ ಊರಿನ ಮನೆಯನ್ನು ಕೈತಪ್ಪಿಸಿಕೊಂಡ. ಆಮೇಲೆ ಹುಟ್ಟಿದ ಮೊಮ್ಮಗನದು ತಪ್ಪೇನೂ ಇಲ್ಲ. ಆದರೂ ಅವನು ಹುಟ್ಟುವುದು ಆ ಮನೆಯ ಹೊರಗೇ. ಬೈಬಲಿನ ಮೊದಲ ಮನುಷ್ಯ ಆದಾಮ ಕಳೆದುಕೊಂಡದ್ದು ದೇವರ ಜೊತೆಗಿನ ಸಲಿಗೆಯನ್ನು. ನಾವೆಲ್ಲ ಅದಿಲ್ಲದೆ ಹುಟ್ಟುತ್ತೇವೆ, ನಮ್ಮಷ್ಟಕ್ಕೆ ನಾವೇ ಅದನ್ನು ವಾಪಸ್ ಪಡೆಯಲಾರೆವು. ಯೇಸುಕ್ರಿಸ್ತ ಶಿಲುಬೆಯ ಮೇಲೆ ಸತ್ತು, ಮತ್ತೆ ಎದ್ದು ಆ ಬಾಗಿಲು ತೆರೆದ ಅನ್ನುವುದು ಇಡೀ ನಂಬಿಕೆಯ ತಿರುಳು. 'ರಕ್ಷಣೆ' ಅನ್ನುವ ಮಾತಿನ ಅರ್ಥವೂ ಅದೇ.

ಇದು ಕಣ್ಣಿಗೆ ಕಾಣಿಸುವುದು ಸ್ನಾನದೀಕ್ಷೆಯಲ್ಲಿ. ಬಿಳಿ ಬಟ್ಟೆ ತೊಡಿಸಿದ ಕೂಸನ್ನು ನೀರಿನ ತೊಟ್ಟಿಯ ಮೇಲೆ ಬಾಗಿಸಿ ಹಿಡಿಯುತ್ತಾರೆ. ಗುರುಗಳು ತಲೆ ಮೇಲೆ ಮೂರು ಸಲ ನೀರು ಸುರಿಯುತ್ತಾರೆ. ಕೂಸು ಬೆಚ್ಚಿಬಿದ್ದು ಕಿರುಚುತ್ತದೆ, ಇಲ್ಲವೇ ನಿದ್ದೆಯಲ್ಲೇ ಮುಖ ಸಿಂಡರಿಸುತ್ತದೆ. ಧರ್ಮಸಭೆಯ ಪ್ರಕಾರ ಆ ಕ್ಷಣದಲ್ಲಿ ಆ ಕೂಸು ತೀರಿಹೋದರೆ ನೇರ ಸ್ವರ್ಗಕ್ಕೆ. ಅದು ಮಾಡಿದ ಪುಣ್ಯವೇನು? ಹಾಲು ಕುಡಿದದ್ದು, ಅತ್ತದ್ದು, ಅಷ್ಟೆ. ರಕ್ಷಣೆ ಗಳಿಕೆಯಲ್ಲ, ಕೊಡುಗೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಇಲ್ಲಿಗೆ ಮುಗಿದಿದ್ದರೆ ಲೂಥರನಿಗೂ ರೋಮಿಗೂ ಜಗಳವೇ ಇರುತ್ತಿರಲಿಲ್ಲ. ಕೊಡುಗೆ ಅಂದಮೇಲೆ ನಂಬಿದರೆ ಸಾಕಲ್ಲ, ಕೆಲಸ ಯಾಕೆ? ಕ್ಯಾಥೊಲಿಕ್ ಉತ್ತರ ನನಗೆ ಅರ್ಥವಾದದ್ದು ಅಮೆರಿಕದಲ್ಲಿರುವ ನೆಂಟರ ಮಗನನ್ನು ನೋಡಿದಾಗ. ಅವನಿಗೆ ಕನ್ನಡ ಬಂದದ್ದು ಅಮ್ಮನ ಮಡಿಲಲ್ಲಿ, ಪುಕ್ಕಟೆ. ಯಾರೂ ಪರೀಕ್ಷೆ ಬರೆದು ತಾಯ್ನುಡಿ ಗಳಿಸುವುದಿಲ್ಲ. ಆದರೆ ಹತ್ತು ವರ್ಷ ಮಾತಾಡದೆ ಬಿಟ್ಟ. ಈಗ ಅಜ್ಜಿ ಫೋನಿನಲ್ಲಿ "ಊಟ ಆಯ್ತೇನಪ್ಪಾ" ಎಂದರೆ ಅರ್ಥ ಆಗುತ್ತದೆ, ನಾಲಿಗೆ ಹೊರಳುವುದಿಲ್ಲ. ಮಾತಾಡುವುದು ಭಾಷೆಗೆ ಕೊಡುವ ಬೆಲೆಯಲ್ಲ, ಆದರೆ ಮಾತಾಡದಿದ್ದರೆ ಭಾಷೆ ಉಳಿಯುವುದಿಲ್ಲ. ದೇವರ ಕೃಪೆಗೂ ಒಳ್ಳೆಯ ಕೆಲಸಕ್ಕೂ ಇರುವ ನಂಟು ಹೀಗೇ. ಹಸಿದವರಿಗೆ ಅನ್ನ ಕೊಟ್ಟೆಯಾ, ರೋಗಿಯನ್ನು ನೋಡಿಕೊಂಡೆಯಾ, ಸೆರೆಯಲ್ಲಿದ್ದವನ ಬಳಿ ಹೋದೆಯಾ ಎಂದು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಯೇಸು ಕೊನೆಯ ತೀರ್ಪಿನ ದಿನ ಕೇಳುವುದು ಇದನ್ನೇ. ಬೈಬಲಿನಲ್ಲಿ 'ಬರೀ ನಂಬಿಕೆ' ಅನ್ನುವ ಮಾತು ಬರುವುದು ಒಂದೇ ಕಡೆ, ಯಕೋಬನ ಪತ್ರದಲ್ಲಿ. ಅಲ್ಲಿ ಅವನು ಹೇಳುವುದು, ಬರೀ ನಂಬಿಕೆಯಿಂದ ಆಗುವುದಿಲ್ಲ ಅಂತ!

ಈ ಜಗಳ ಈಗ ಬಹುಪಾಲು ತಣ್ಣಗಾಗಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಂದು ಹೇಳಿಕೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ, ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತದೆ ಎಂದು ಎರಡೂ ಕಡೆಯವರು ಒಪ್ಪಿದರು. ಉಳಿದ ವ್ಯತ್ಯಾಸಗಳು ಹಾಗೇ ಇವೆ.

ಅಂಥ ಒಂದು ವ್ಯತ್ಯಾಸ ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತದೆ. ಕರಪತ್ರ ಹಂಚುವವರು "ನೀವು ರಕ್ಷಣೆ ಹೊಂದಿದ್ದೀರಾ?" ಎಂದು ಕೇಳುತ್ತಾರೆ. ಕೆಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇದಕ್ಕೆ ಹೌದು ಎಂದು ಖಚಿತವಾಗಿ ಹೇಳುವುದೇ ನಂಬಿಕೆಯ ಗುರುತು. ಕ್ಯಾಥೊಲಿಕರು ಇಲ್ಲಿ ತಡವರಿಸುತ್ತಾರೆ. ತಡವರಿಸಬೇಕು ಕೂಡ. 1431ರಲ್ಲಿ ಫ್ರಾನ್ಸಿನಲ್ಲಿ ಜೋನ್ ಆಫ್ ಆರ್ಕ್ ಎಂಬ ಹಳ್ಳಿ ಹುಡುಗಿಯನ್ನು ಧರ್ಮವಿರೋಧದ ಆರೋಪದ ಮೇಲೆ ವಿಚಾರಣೆಗೆ ನಿಲ್ಲಿಸಿದ್ದರು. ವಯಸ್ಸು ಸುಮಾರು ಹತ್ತೊಂಬತ್ತು, ಓದು ಬರಹ ಇಲ್ಲ. ಎದುರಿಗೆ ಪಂಡಿತರ ಸಾಲು. "ನೀನು ದೇವರ ಕೃಪೆಯಲ್ಲಿ ಇದ್ದೀಯಾ?" ಎಂದು ಕೇಳಿದರು. ಇದು ಬೋನು. ಇದ್ದೇನೆ ಎಂದರೆ ಅಹಂಕಾರ, ತಪ್ಪು ಬೋಧನೆ. ತಾನು ಕೃಪೆಯಲ್ಲಿ ಇದ್ದೇನೆಂದು ಯಾರೂ ಖಡಾಖಂಡಿತವಾಗಿ ಹೇಳಲಾರರು ಎಂದು ಧರ್ಮಸಭೆ ಕಲಿಸುತ್ತದೆ. ಇಲ್ಲ ಎಂದರೆ ತಪ್ಪು ಒಪ್ಪಿಕೊಂಡಂತೆ. ಆ ಹುಡುಗಿ ಹೇಳಿದಳು: ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿಗೆ ಸೇರಿಸಲಿ, ಇದ್ದರೆ ಅಲ್ಲೇ ಉಳಿಸಲಿ. ಕೇಳಿದವರು ಬೆಪ್ಪಾದರು. ಆದರೂ ಅವಳನ್ನು ಸುಟ್ಟರು, ಆ ಮಾತು ಬೇರೆ. 1920ರಲ್ಲಿ ಧರ್ಮಸಭೆ ಅವಳನ್ನು ಸಂತಳೆಂದು ಘೋಷಿಸಿತು.

ಕೃಪೆ ಕಳೆದುಹೋಗಬಹುದು ಎನ್ನುವುದರಿಂದಲೇ ಈ ಎಚ್ಚರ. ಎಲ್ಲ ಪಾಪವೂ ಒಂದೇ ತೂಕದ್ದಲ್ಲ. ಲಘು ಪಾಪ ದೇವರ ಜೊತೆಗಿನ ಗೆಳೆತನಕ್ಕೆ ಗಾಯ ಮಾಡುತ್ತದೆ, ಮಾರಕ ಪಾಪ ಕೊಂದೇ ಬಿಡುತ್ತದೆ. ಆದರೆ ಮಾರಕ ಪಾಪ ಆಗಬೇಕಾದರೆ ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರ ಎಂದು ಪೂರ್ತಿ ಗೊತ್ತಿರಬೇಕು, ಗೊತ್ತಿದ್ದೂ ಬೇಕೆಂದೇ ಮಾಡಿರಬೇಕು. ಜ್ವರದಿಂದ ಮಲಗಿ ಭಾನುವಾರದ ಪೂಜೆ ತಪ್ಪಿಸಿದ್ದಕ್ಕೆ ನರಕದ ಭಯ ಪಡುವ ಅಜ್ಜಿಯರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು. ನಮ್ಮಜ್ಜಿಗೆ ಯಾರೂ ಹೇಳಿರಲಿಲ್ಲ.

ಸತ್ತ ಗೆಳೆತನಕ್ಕೆ ಮತ್ತೆ ಜೀವ ಬರುವ ಜಾಗ ಪಾಪನಿವೇದನೆ. ಮರದ ಜಾಲರಿ, ಆ ಕಡೆ ಕಿವಿಗೊಟ್ಟು ಕೂತ ಗುರುಗಳು, ಈ ಕಡೆ ಮಂಡಿಯೂರಿದವರು. "ಫಾದರ್, ಹೋದ ಸಲ ಪಾಪನಿವೇದನೆ ಮಾಡಿ ಮೂರು ತಿಂಗಳಾಯ್ತು" ಎಂದು ಶುರು. ಒಳಗೆ ಹೋದಾಗ ಬಾಯಿ ಒಣಗುತ್ತದೆ, ಎಷ್ಟು ವರ್ಷ ಆದರೂ. ಕೊನೆಗೆ ಗುರುಗಳು ಪಾಪ ಕ್ಷಮಿಸುವ ಮಾತು ಹೇಳಿ, ಪ್ರಾಯಶ್ಚಿತ್ತವಾಗಿ "ಮೂರು ನಮೋ ಮರಿಯಾ ಹೇಳಪ್ಪ" ಎಂದು ಕಳಿಸುತ್ತಾರೆ. ಇಷ್ಟು ಸುಲಭವಾ ಎಂದು ಹೊರಗಿನವರು ನಗುತ್ತಾರೆ. ಸುಲಭ ಅಲ್ಲ. ಪಶ್ಚಾತ್ತಾಪ ನಿಜವಾಗಿರಬೇಕು, ಮತ್ತೆ ಮಾಡಬಾರದೆಂಬ ಮನಸ್ಸಿರಬೇಕು. ಕದ್ದಿದ್ದರೆ ಕದ್ದದ್ದನ್ನು ವಾಪಸ್ ಕೊಡಬೇಕು, ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸಿದ್ದರೆ ಸರಿಪಡಿಸಬೇಕು. ಬರೀ ಬಾಯಿಮಾತಿನ ನಿವೇದನೆಗೆ ಬೆಲೆಯಿಲ್ಲ.

ಈಗ ಗೆಳತಿಯ ಪ್ರಶ್ನೆಗೆ ಹತ್ತಿರ ಬಂದೆವು.

ಕೆಲವು ವರ್ಷದ ಹಿಂದೆ ನನ್ನ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಬಿಚ್ಚಿದ ದಿನ ಡಾಕ್ಟರ್ ಎಕ್ಸ್‌ರೇ ನೋಡಿ "ಕೂಡಿಕೊಂಡಿದೆ, ಇನ್ನು ತೊಂದರೆ ಇಲ್ಲ" ಎಂದರು. ಮನೆಗೆ ಬಂದು ನೀರಿನ ಚೊಂಬು ಎತ್ತಲು ಹೋದರೆ ಕೈ ಎತ್ತಲೇ ಇಲ್ಲ. ಮೂಳೆ ಸರಿಯಾಗಿತ್ತು, ಕೈ ಸರಿಯಾಗಿರಲಿಲ್ಲ. ಆಮೇಲೆ ಎರಡು ತಿಂಗಳು ಫಿಸಿಯೋಥೆರಪಿ. ಪ್ರತಿ ದಿನ ನೋವು, ಪ್ರತಿ ದಿನ ಒಂದಿಷ್ಟು ಸಡಿಲ.

ಸತ್ತವರು ಸ್ವರ್ಗಕ್ಕೆ ಮುಂಚೆ ಹಾದುಹೋಗುವ ಶುದ್ಧೀಕರಣ ಸ್ಥಳ ಎಂದರೆ ಇದು. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಪುರ್ಗಾತೊರ್ ಎನ್ನುತ್ತಾರೆ. ಕ್ಷಮೆ ಸಿಕ್ಕಿದೆ, ಸಾಯುವಾಗ ದೇವರ ಗೆಳೆತನದಲ್ಲೇ ಇದ್ದರು. ಆದರೆ ಒಳಗೆ ಇನ್ನೂ ಬಿಗಿತವಿದೆ: ಹಳೆಯ ಸಿಟ್ಟು, ಜಿಪುಣತನ, ತಾನೇ ಸರಿ ಎನ್ನುವ ಹಟ. ಅದನ್ನೆಲ್ಲ ಹೊತ್ತುಕೊಂಡು ದೇವರ ಎದುರು ನಿಲ್ಲಲು ಆಗುವುದಿಲ್ಲ. ಅದು ಕರಗಬೇಕು, ಕರಗುವಾಗ ನೋವಾಗುತ್ತದೆ. ಮುಖ್ಯವಾದ ಮಾತು, ಅಲ್ಲಿ ಸೋಲುವವರು ಯಾರೂ ಇಲ್ಲ. ಅಲ್ಲಿರುವವರೆಲ್ಲ ಸ್ವರ್ಗಕ್ಕೆ ಹೋಗುವವರೇ. ಇದು ಸ್ವರ್ಗ ನರಕಗಳ ನಡುವಿನ ಮೂರನೇ ಊರು ಅಲ್ಲ, ಸ್ವರ್ಗದ ಹೊರಜಗಲಿ. ಕೈಕಾಲು ತೊಳೆದು ಒಳಗೆ ಬರುವ ಜಾಗ. ಅಲ್ಲಿನ ಬೆಂಕಿಯ ಬಗ್ಗೆ ಎಷ್ಟೋ ಭಯಂಕರ ಚಿತ್ರಗಳಿವೆ. ಪೋಪ್ 16ನೇ ಬೆನೆಡಿಕ್ಟ್ 2007ರ ತಮ್ಮ ಪತ್ರದಲ್ಲಿ, ಸುಡುವ ಆ ಬೆಂಕಿ ಕ್ರಿಸ್ತನೇ ಎಂದು ಇತ್ತೀಚಿನ ಕೆಲವು ದೈವಶಾಸ್ತ್ರಜ್ಞರು ಹೇಳುವುದನ್ನು ಒಪ್ಪಿಗೆಯ ದನಿಯಲ್ಲೇ ಎತ್ತಿಕೊಂಡರು. ಅವನ ನೋಟಕ್ಕೆ ಸಿಕ್ಕಾಗ ನಮ್ಮ ಸುಳ್ಳೆಲ್ಲ ಉದುರುತ್ತದೆ ಎಂದು.

ಹಾಗಾಗಿ ಅಜ್ಜಿಗೆ ಪ್ರಾರ್ಥನೆ. ಇರುವವರು, ಸತ್ತವರು, ಸ್ವರ್ಗದಲ್ಲಿರುವ ಸಂತರು ಎಲ್ಲ ಒಂದೇ ಮನೆಯವರು, ಒಬ್ಬರು ಇನ್ನೊಬ್ಬರಿಗೆ ಆಗುತ್ತಾರೆ ಎನ್ನುವುದು ನಂಬಿಕೆ. ಫಿಸಿಯೋಥೆರಪಿ ಮಾಡುವಾಗ ಇನ್ನೊಬ್ಬರು ಮೊಣಕೈ ಹಿಡಿದುಕೊಂಡಂತೆ. ಅಜ್ಜಿ ಆಗಲೇ ಸ್ವರ್ಗ ಸೇರಿದ್ದರೆ? ಪ್ರಾರ್ಥನೆ ವ್ಯರ್ಥ ಆಗುವುದಿಲ್ಲ, ದೇವರು ಅದನ್ನು ಬೇಕಾದವರಿಗೆ ಮುಟ್ಟಿಸುತ್ತಾನೆ ಎನ್ನುತ್ತಾರೆ ಹಿರಿಯರು.

ಈ ಒಳ್ಳೆಯ ಆಲೋಚನೆಯನ್ನು ಚರ್ಚ್ ತಾನೇ ಕೆಡಿಸಿಕೊಂಡ ಕಾಲವೂ ಇತ್ತು. ಕ್ಷಮೆ ಸಿಕ್ಕ ಪಾಪದ ಉಳಿಕೆ ಶಿಕ್ಷೆಯನ್ನು ಪ್ರಾರ್ಥನೆ, ದಾನ, ಯಾತ್ರೆಗಳ ಮೂಲಕ ಕಡಿಮೆ ಮಾಡುವುದನ್ನು ಇಂಡಲ್ಜೆನ್ಸ್ ಎನ್ನುತ್ತಾರೆ. ಹದಿನಾರನೇ ಶತಮಾನದ ಆರಂಭದಲ್ಲಿ ಇದು ಹಣದ ವ್ಯವಹಾರವಾಯಿತು. ರೋಮಿನ ಸಂತ ಪೇತ್ರರ ಬೆಸಿಲಿಕಾ ಕಟ್ಟಲು ದುಡ್ಡು ಬೇಕಿತ್ತು. ಜರ್ಮನಿಯಲ್ಲಿ ಟೆಟ್ಜೆಲ್ ಎಂಬ ಸನ್ಯಾಸಿ ಊರೂರು ಸುತ್ತಿ ಚೀಟಿ ಮಾರಿದ. 1517ರಲ್ಲಿ ಲೂಥರ್ ಸಿಡಿದೆದ್ದದ್ದು ಇದಕ್ಕೇ, ಮತ್ತು ಆ ಸಿಟ್ಟು ನ್ಯಾಯವಾದದ್ದೇ. 1567ರಲ್ಲಿ ಪೋಪ್ 5ನೇ ಪಯಸ್ ಹಣದ ಸೋಂಕಿರುವ ಇಂಡಲ್ಜೆನ್ಸ್‌ಗಳನ್ನೆಲ್ಲ ರದ್ದು ಮಾಡಿದರು. ಆದರೆ ಲೆಕ್ಕದ ಚಾಳಿ ಹೋಗಲಿಲ್ಲ. ಹಳೆಯ ಪ್ರಾರ್ಥನಾ ಪುಸ್ತಕಗಳಲ್ಲಿ ಪ್ರಾರ್ಥನೆಯ ಕೆಳಗೆ '300 ದಿನ' ಎಂಬಂಥ ಅಂಕಿ ಇರುತ್ತಿತ್ತು. ಅದು ಹಳೇ ಕಾಲದಲ್ಲಿ ಭೂಮಿಯ ಮೇಲೆ ಮಾಡುತ್ತಿದ್ದ ಪ್ರಾಯಶ್ಚಿತ್ತದ ಅಳತೆ. ಜನ ಅದನ್ನು ಶುದ್ಧೀಕರಣ ಸ್ಥಳದ ಜೈಲುವಾಸ ಎಂದುಕೊಂಡರು. ಚಿತ್ರಗುಪ್ತ ಹಿಂಬಾಗಿಲಿನಿಂದ ಒಳಗೆ ಬಂದಿದ್ದ. 1967ರಲ್ಲಿ ಪೋಪ್ 6ನೇ ಪೌಲ್ ಈ ದಿನ, ವರ್ಷಗಳ ಲೆಕ್ಕವನ್ನೇ ತೆಗೆದುಹಾಕಿದರು. ಇಂಡಲ್ಜೆನ್ಸ್ ಮಾತ್ರ ಇಂದಿಗೂ ಇದೆ. ನವೆಂಬರ್ 1ರಿಂದ 8ರವರೆಗೆ ಸಮಾಧಿಭೂಮಿಗೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ ಅದರ ಫಲವನ್ನು ಸತ್ತವರಿಗೆ ಕೊಡಬಹುದು. ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಕ್ಕಾಗಿ ಪ್ರಾರ್ಥನೆ, ಜೊತೆಗೆ ಪಾಪದ ಮೇಲೆ ಒಂದಿಷ್ಟೂ ಆಸೆ ಇಲ್ಲದ ಮನಸ್ಸು, ಇವು ಷರತ್ತುಗಳು. ಕೊನೆಯದನ್ನು ಪೂರೈಸಿದೆ ಎಂದು ಎದೆ ತಟ್ಟಿ ಹೇಳುವವರನ್ನು ನಾನಂತೂ ನೋಡಿಲ್ಲ.

ಸ್ವರ್ಗದ ಬಗ್ಗೆ ಹೇಳಲು ಇರುವುದು ಸ್ವಲ್ಪವೇ. ಅದು ಮೋಡದ ಮೇಲಿನ ಜಾಗ ಅಲ್ಲ, ದೇವರ ಜೊತೆಗಿನ ಜೀವಂತ ಸಂಬಂಧ ಎಂದು 1999ರಲ್ಲಿ ಪೋಪ್ 2ನೇ ಜಾನ್ ಪಾಲ್ ಹೇಳಿದರು. ದೇವರನ್ನು ಮುಖಾಮುಖಿ ನೋಡುವುದೇ ಸ್ವರ್ಗ. ಈ ವಿಷಯದಲ್ಲಿ ಪೋಪರೊಬ್ಬರೇ ಎಡವಿದ್ದರು. ಸತ್ತ ಪುಣ್ಯವಂತರು ದೇವರನ್ನು ನೋಡಲು ಕೊನೆಯ ತೀರ್ಪಿನ ದಿನದವರೆಗೆ ಕಾಯಬೇಕು ಎಂದು 22ನೇ ಜಾನ್ ಬೋಧಿಸಿಬಿಟ್ಟರು. ಗಲಾಟೆಯಾಯಿತು. 1334ರಲ್ಲಿ ಸಾಯುವ ಮುಂಚೆ ಮಾತು ಹಿಂತೆಗೆದುಕೊಂಡರು. ಕಾಯಬೇಕಿಲ್ಲ ಎಂದು 1336ರಲ್ಲಿ ಅವರ ನಂತರದ ಪೋಪ್ ತೀರ್ಮಾನ ಕೊಟ್ಟರು.

ನರಕ? ಅದೂ ಇದೆ. ಆದರೆ ದೇವರು ಯಾರನ್ನೂ ಅಲ್ಲಿಗೆ ನೂಕುವುದಿಲ್ಲ, ಕೊನೆಯ ಉಸಿರಿನವರೆಗೂ 'ನೀನು ಬೇಡ' ಎಂದವರು ತಾವೇ ಹೊರಗೆ ಉಳಿಯುತ್ತಾರೆ ಎನ್ನುತ್ತದೆ ಬೋಧನೆ. ಇಂಥವರು ಸ್ವರ್ಗದಲ್ಲಿದ್ದಾರೆ ಎಂದು ಹೆಸರು ಹಿಡಿದು ಹೇಳುವ ಪದ್ಧತಿ ಇದೆ. ಸಂತ ಪದವಿ ಅಂದರೆ ಅದೇ, 2016ರಲ್ಲಿ ಮದರ್ ತೆರೆಸಾ, 2022ರಲ್ಲಿ ತಿರುವಾಂಕೂರಿನ ದೇವಸಹಾಯಂ ಪಿಳ್ಳೆ. ಆದರೆ ಇಂಥವರು ನರಕದಲ್ಲಿದ್ದಾರೆ ಎಂದು ಧರ್ಮಸಭೆ ಇದುವರೆಗೆ ಒಬ್ಬರ ಹೆಸರನ್ನೂ ಘೋಷಿಸಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನದ್ದೂ ಇಲ್ಲ.

1887ರಲ್ಲಿ ಪ್ಯಾರಿಸ್‌ನಲ್ಲಿ ಪ್ರಾಂಜಿನಿ ಎಂಬವನಿಗೆ ಮರಣದಂಡನೆಯಾಯಿತು. ಇಬ್ಬರು ಹೆಂಗಸರನ್ನೂ ಒಂದು ಹುಡುಗಿಯನ್ನೂ ಕೊಂದಿದ್ದ. ಪಾಪನಿವೇದನೆಗೆ ಒಪ್ಪಲಿಲ್ಲ. ಹದಿನಾಲ್ಕು ವರ್ಷದ ತೆರೇಸ್ ಎಂಬ ಹುಡುಗಿ, ಮುಂದೆ ಲಿಸ್ಯೂವಿನ ಸಂತ ತೆರೇಸಾ ಆದವಳು, ಇವನಿಗಾಗಿ ಪ್ರಾರ್ಥನೆ ಮಾಡುತ್ತ ಒಂದು ಗುರುತು ಕೊಡು ಎಂದು ದೇವರನ್ನು ಕೇಳಿದಳು. ತಲೆ ಕತ್ತರಿಸಿದ ಮರುದಿನ ಪೇಪರ್ ತೆರೆದು ನೋಡಿದಳು. ಕೊನೆಯ ಗಳಿಗೆಯಲ್ಲಿ ಅವನು ಗಕ್ಕನೆ ತಿರುಗಿ, ಗುರುಗಳ ಕೈಯಲ್ಲಿದ್ದ ಶಿಲುಬೆಗೆ ಮೂರು ಸಲ ಮುತ್ತಿಟ್ಟಿದ್ದ. ಅವಳಿಗೆ ಅಷ್ಟು ಸಾಕಾಯಿತು.

"ಅದೆಲ್ಲ ಸರಿ, ನಾನು ಸ್ನಾನದೀಕ್ಷೆ ಪಡೆದಿಲ್ಲವಲ್ಲ, ನನ್ನ ಗತಿ ಏನು?" ಎಂದು ಗೆಳತಿ ನಗುತ್ತ ಕೇಳಿದ್ದಳು. ನಗು ಅರ್ಧ ತಮಾಷೆಯದು. 'ಧರ್ಮಸಭೆಯ ಹೊರಗೆ ರಕ್ಷಣೆ ಇಲ್ಲ' ಎಂಬ ಮಾತು ಮೂರನೇ ಶತಮಾನದಿಂದಲೂ ಇದೆ, 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಅದನ್ನು ಬಹಳ ಕಟುವಾಗಿಯೇ ಹೇಳಿತ್ತು. ಆದರೆ ಅದನ್ನು ಅಕ್ಷರಕ್ಕೆ ಅಕ್ಷರ ಹಿಡಿದು, ಹೊರಗಿನವರಿಗೆ ದಾರಿಯೇ ಇಲ್ಲ ಎಂದು ಬೋಧಿಸಿದ ಬೋಸ್ಟನ್ನಿನ ಫೀನಿ ಎಂಬ ಗುರುವನ್ನು 1949ರಲ್ಲಿ ರೋಮ್ ತಿದ್ದಿತು. ಅವರು ಕೇಳಲಿಲ್ಲ, ವಿಚಾರಣೆಗೆ ಕರೆದರೂ ಹೋಗಲಿಲ್ಲ. 1953ರಲ್ಲಿ ಅವಿಧೇಯತೆಗಾಗಿ ಬಹಿಷ್ಕಾರ ಬಿತ್ತು. ಹೊರಗೆ ರಕ್ಷಣೆಯಿಲ್ಲ ಎಂದು ಹಟ ಹಿಡಿದವರು ತಾವೇ ಹೊರಗಾದರು! 1972ರಲ್ಲಿ ಮತ್ತೆ ಒಳಗೆ ಸೇರಿಸಿಕೊಂಡರು.

1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು ಹೀಗೆ: ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನೂ ಧರ್ಮಸಭೆಯನ್ನೂ ಅರಿಯದವರು, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕುತ್ತ, ಮನಸ್ಸಾಕ್ಷಿ ಹೇಳಿದಂತೆ ಬದುಕಲು ಕೃಪೆಯ ಬಲದಿಂದ ಪ್ರಯತ್ನಿಸಿದರೆ, ಅವರಿಗೂ ರಕ್ಷಣೆ ಸಿಗಬಲ್ಲದು. ಅದೂ ಕ್ರಿಸ್ತನ ಮೂಲಕವೇ, ಅವರಿಗೆ ಅವನ ಹೆಸರು ಗೊತ್ತಿಲ್ಲದಿದ್ದರೂ. ಅದೇ ಸಭೆ ಇನ್ನೊಂದನ್ನೂ ಹೇಳಿತು: ಧರ್ಮಸಭೆ ಬೇಕೇ ಬೇಕು ಎಂದು ಮನದಟ್ಟಾಗಿಯೂ ಬೇಕೆಂದೇ ಹೊರಗೆ ಉಳಿದವರಿಗೆ ರಕ್ಷಣೆ ಇಲ್ಲ. 1442ರ ಮಾತಿಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ಒಂದೇ ಬೋಧನೆ ಬೆಳೆದಿದೆ ಅಷ್ಟೆ ಎನ್ನುತ್ತಾರೆ ದೈವಶಾಸ್ತ್ರಜ್ಞರು. ಬೆಳೆದದ್ದು ಒಳ್ಳೆಯದೇ ಆಯಿತು ಎಂದು ನನಗೆ ಅನ್ನಿಸುತ್ತದೆ.

ಇಷ್ಟನ್ನೂ ಆ ಸಂಜೆ ಗೆಳತಿಗೆ ಹೇಳಲು ಆಗಲಿಲ್ಲ. "ಮೇಲೆ ಹೋದಮೇಲೆ ನೋಡೋಣ" ಎಂದೆ. ಪೊಟ್ಟಣದಲ್ಲಿ ಇನ್ನೂ ಎರಡು ಮೇಣದಬತ್ತಿ ಉಳಿದಿದ್ದವು. ಅಜ್ಜಿಯ ಪಕ್ಕದ ಸಮಾಧಿಗೆ ಆ ವರ್ಷ ಯಾರೂ ಬಂದಿರಲಿಲ್ಲ. ಕಲ್ಲಿನ ಮೇಲಿನ ಹೆಸರು ಸವೆದು, ಇಸವಿಯ ಎರಡು ಅಂಕಿ ಮಾತ್ರ ಕಾಣುತ್ತಿತ್ತು. ಅವಳು ಅಲ್ಲಿ ಕೂತು ಒಂದನ್ನು ಹಚ್ಚಿದಳು. ಗಾಳಿಗೆ ಆರಿತು. ಬೆಂಕಿಪೊಟ್ಟಣ ಕೊಡು ಎಂದು ನನ್ನತ್ತ ಕೈ ಚಾಚಿದಳು.